ಏಳು ಗಂಟೆಗೆ ಕರೆಯುವವನು

ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಎದುರಿಗೆ ಮಂಗಳಾಳದೊಂದು ಜೆರಾಕ್ಸ್ ಅಂಗಡಿ. ಬೋರ್ಡಿನ ಮೇಲೆ ಜೆರಾಕ್ಸ್ ಅಂತಿದ್ದರೂ ನಡೆಯೋದೆಲ್ಲ ಆನ್‌ಲೈನ್ ಅರ್ಜಿ. ಪಹಣಿ, ಜಾತಿ ಸರ್ಟಿಫಿಕೇಟು, ಪಿಂಚಣಿ, ಅದೂ ಇದೂ. ಆ ಅಂಗಡಿಯಲ್ಲಿ ದಿನಾ ಸಂಜೆ ಏಳಕ್ಕೆ ಸತ್ತ ಗಂಡ ಕರೀತಿದ್ದ.

"ಮಂಗಳಾ, ಸಾಕೇಳೇ. ಬಾಗ್ಲು ಹಾಕು, ಹೋಗಾಣ."

ಇಷ್ಟೇ ಮಾತು. ಕಂಪ್ಯೂಟರಿನ ಪಕ್ಕದ ಪುಟಾಣಿ ಸ್ಪೀಕರಿನಿಂದ ಬರ್ತಿತ್ತು. ಗಾಬರಿ ಆಗಬೇಡ್ರಿ, ದೆವ್ವ ಗಿವ್ವ ಏನೂ ಅಲ್ಲ. ಪ್ರಭು ಬದುಕಿದ್ದಾಗ ತಾನೇ ತುಂಬಿಸಿಟ್ಟ ದನಿ ಅದು. ಮಂಗಳಾಳ ಬುದ್ಧಿ ಹೆಂಗಂದ್ರೆ, ಕೀಬೋರ್ಡ್ ಮುಂದೆ ಕುಂತಳು ಅಂದ್ರೆ ಊರಿಗೆ ಊರೇ ಎದ್ದು ಹೋದರೂ ಗೊತ್ತಾಗ್ತಿರಲಿಲ್ಲ. ಭೀಮಸಮುದ್ರದ ಕಡೆಯ ಬಸ್ಸು ತಪ್ಪಿಸಿಕೊಂಡು ಗಂಡ ಹೆಂಡತಿ ಇಬ್ಬರೂ ಯಾರದೋ ಟ್ರ್ಯಾಕ್ಟರ್ ಹತ್ತಿ ಮನೆ ಸೇರಿದ್ದು ಎಷ್ಟು ಸಲವೋ. ಕೊನೆಗೆ ಪ್ರಭು ರೋಸಿಹೋಗಿ, "ನಾನು ಇರ್ಲಿ ಬಿಡ್ಲಿ, ಇದು ಕರೀತೈತೆ, ಎದ್ದು ಬಾ" ಅಂತ ಕಂಪ್ಯೂಟರಿಗೇ ಆ ಕೆಲಸ ಒಪ್ಪಿಸಿಬಿಟ್ಟಿದ್ದ.

ಇರ್ಲಿ ಬಿಡ್ಲಿ ಅಂದಿದ್ದನಲ್ಲ, ಆ ಬಾಯಿಗೆ ಏನನ್ನಬೇಕು! ಪ್ರಿಂಟರಿನ ಸಾಮಾನು ತರೋಕೆ ಹಿರಿಯೂರಿಗೆ ಹೋದವನು, ಗೆಳೆಯನೊಬ್ಬನ ಬೈಕಿನಲ್ಲಿ ವಾಪಸ್ ಬರುವಾಗ ಐಮಂಗಲದ ಹತ್ತಿರ ಹೈವೇಲಿ ಮಧ್ಯಾಹ್ನವೇ ಮುಗಿದುಹೋದ. ಸುದ್ದಿ ಮುಟ್ಟೋದು ತಡ ಆಯಿತು. ಅಷ್ಟರಲ್ಲಿ ಏಳಾಯಿತು, ದನಿ ಕರೆಯಿತು. ಮಂಗಳಾ ನಕ್ಕು, "ಓ, ಬಂದೆ ಕಣ್ರೀ" ಅಂದು ಬಾಗಿಲು ಹಾಕಿ, ಬಸ್ ಸ್ಟ್ಯಾಂಡಿನಲ್ಲಿ ಗಂಡನಿಗಾಗಿ ಕಾಯುತ್ತಾ ನಿಂತಳು.

ಇದನ್ನು ಅವಳು ಅಳುತ್ತಾ ಅತ್ತೆಗೆ ಹೇಳಿದ್ದೇ ತಪ್ಪಾಯಿತು. ಪ್ರಭುವಿನ ತಾಯಿ ಉಚ್ಚಂಗಮ್ಮ ಎದೆ ಹಿಡಕೊಂಡು ಕೂತುಬಿಟ್ಟಳು. "ಅಯ್ಯೋ ನಮ್ಮವ್ವ, ಸತ್ತೋರು ಹೊತ್ತು ಮುಳುಗಿದ ಮೇಲೆ ಹೆಸರು ಹಿಡಿದು ಕರೆದ್ರೆ ಓ ಅನ್ನಬಾರ್ದು ಕಣೇ. ಓ ಅಂದೋರನ್ನ ಕರಕೊಂಡೇ ಹೋಗ್ತಾರೆ. ನೀನು ಅಂದುಬಿಟ್ಟೀಯಲ್ಲೇ!"

ಆಮೇಲೆ ಮಂಗಳಾ ಓ ಅನ್ನಲಿಲ್ಲ. ಅನ್ನಲಿಲ್ಲ, ನಿಜ. ಆದರೆ ಆರೂವರೆಗೇ ಕೆಲಸ ಬಿಟ್ಟು, ಗಲ್ಲಕ್ಕೆ ಕೈ ಕೊಟ್ಟು ಸ್ಪೀಕರನ್ನೇ ನೋಡುತ್ತಾ ಕೂರೋಳು. ಹಗಲೆಲ್ಲ ಬದುಕೋದು ಆ ಒಂದು ಗಳಿಗೆಗೋಸ್ಕರ ಅನ್ನೋ ಹಾಗಾಯಿತು. ಊಟ ಸೇರದು, ಮೈ ಮೇಲಿನ ರವಿಕೆ ಸಡಿಲ ಆಯಿತು. ಉಚ್ಚಂಗಮ್ಮ ನೋಡಿ ನೋಡಿ ಒಳಗೇ ಬೇಯುತ್ತಿದ್ದಳು. ಮಗ ಹೋದ, ಇನ್ನು ಸೊಸೆಯೂ ಹೊರಟಳು ಅನ್ನೋದು ಅವಳಿಗೆ ಖಾತ್ರಿಯಾಗಿತ್ತು.

ಇಷ್ಟರ ಮಧ್ಯೆ ಕಂಪ್ಯೂಟರು ಕೈ ಕೊಟ್ಟಿತು. ಅದರೊಳಗಿನ ಹಳೇ ವಿಂಡೋಸಿಗೆ ವಯಸ್ಸಾಗಿತ್ತು, ಅರ್ಜಿ ಹಾಕೋ ಸರ್ಕಾರಿ ತಾಣ ಒಂದೂ ತೆರೆಯದು. ಜನ ಎದುರಿನ ಅಂಗಡಿಗೆ ಹೋದರು. ಹೊಸ ಯಂತ್ರ ತಗೊಳ್ಳೋ ಶಕ್ತಿ ಇಲ್ಲ. ಚಿತ್ರದುರ್ಗದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸೋ ಗೆಳತಿ ಯಶೋಧಾಗೆ ಫೋನ್ ಮಾಡಿದ್ದಕ್ಕೆ, ಅವಳು ಭಾನುವಾರ ಸಂಜೆ ಮೂರು ಪೆನ್‌ಡ್ರೈವ್ ಹಿಡಕೊಂಡು ಬಸ್ ಇಳಿದಳು.

"ಲೇ, ಯಂತ್ರ ಗಟ್ಟಿ ಐತೆ. ಒಳಗಿನ ವ್ಯವಸ್ಥೆ ಬದಲಾಯಿಸಿದ್ರೆ ಆಯ್ತು. ಇವೆಲ್ಲ ಲಿನಕ್ಸು, ದುಡ್ಡಿಲ್ಲ ಕಾಸಿಲ್ಲ, ಯಾರು ಬೇಕಾದ್ರೂ ಹಾಕ್ಕೋಬಹುದು. ಪೆನ್‌ಡ್ರೈವಿನಿಂದಲೇ ಓಡಿಸಿ ನೋಡು. ಹಳೇದರ ಒಂದು ಕೂದಲೂ ಕೊಂಕಲ್ಲ. ಒಗ್ಗಿದ್ದನ್ನ ಇಟ್ಕೊಳಾಣ."

ಮೊದಲನೇದು ನೋಡೋಕೆ ಚೆಂದವೋ ಚೆಂದ, ಆದರೆ ಎಲ್ಲಿ ಏನೈತೆ ಅಂತ ಹುಡುಕೋದೇ ಒಂದು ಕೆಲಸ. ಎರಡನೇದು ಆ ಮುದಿ ಯಂತ್ರದ ಮೇಲೆ ಏದುಸಿರು ಬಿಟ್ಟಿತು. ಮೂರನೇದರ ಹೆಸರು ಮಿಂಟ್. "ಪೆಪ್ಪರಮೆಂಟಾ?" ಅಂದಳು, ಸೊಸೆಯ ಮೇಲೆ ಕಣ್ಣಿಡೋಕೆ ಬಂದು ಮೂಲೆಯಲ್ಲಿ ಕೂತಿದ್ದ ಉಚ್ಚಂಗಮ್ಮ. ಅದರಲ್ಲಿ ಮೆನು ಹಳೇದರ ಥರಾನೇ ಕೆಳಗೆ ಎಡಕ್ಕಿತ್ತು. ಪ್ರಿಂಟರನ್ನ ತಾನಾಗೇ ಗುರುತು ಹಿಡಿಯಿತು, ಕನ್ನಡ ಕೇಳಿದ ಕೂಡಲೇ ಬಂತು, ಸರ್ಕಾರಿ ತಾಣ ಚಕಚಕ ತೆರೆಯಿತು. "ಹೊಸಬರಿಗೆ ಇದಕ್ಕಿಂತ ಸಲೀಸಾದ್ದು ಬೇರೆ ಇಲ್ಲ" ಅಂದಳು ಯಶೋಧಾ.

ಅಷ್ಟರಲ್ಲಿ ಏಳು ದಾಟಿಹೋಗಿತ್ತು. ದನಿ ಬರಲೇ ಇಲ್ಲ.

ಹೇಗೆ ಬಂದೀತು? ಅದು ಇದ್ದದ್ದು ಹಳೇದರೊಳಗೆ. ಉಚ್ಚಂಗಮ್ಮನ ಮುಖದ ಮೇಲೆ ಎಷ್ಟೋ ತಿಂಗಳಿಂದ ಕಾಣದ ಗೆಲುವು ಕಂಡಿತು. ಮಂಗಳಾ ಮಾತ್ರ ಬಿಳಿಚಿಕೊಂಡಿದ್ದಳು. ಯಶೋಧಾ ವಿಷಯ ಕೇಳಿ ತಿಳಕೊಂಡು, "ಅಷ್ಟೇ ತಾನೆ? ಆ ದನೀನ ನಿನ್ನ ಮೊಬೈಲಿಗೆ ಹಾಕ್ತೀನಿ" ಅಂತ ಹಾಕಿಯೂ ಕೊಟ್ಟಳು. ಮಂಗಳಾ ಒತ್ತಿದಳು, ಪ್ರಭು ಕರೆದ. ಮತ್ತೆ ಒತ್ತಿದಳು, ಮತ್ತೆ ಕರೆದ. ಥೂ, ಒತ್ತಿದಾಗ ಕರೆಯೋನು ಗಂಡನಾ? ಟೇಪು! ಮೊಬೈಲಿನಿಂದ ಅಲ್ಲೇ ಅಳಿಸಿ ಹಾಕಿದಳು.

"ಸರಿ ಮಾರಾಯ್ತಿ. ಹಳೇದೂ ಇರ್ಲಿ, ಪಕ್ಕದಲ್ಲೇ ಹೊಸದನ್ನೂ ಹಾಕ್ತೀನಿ. ಆನ್ ಮಾಡಿದಾಗ ಯಾವುದು ಬೇಕು ಅಂತ ಕೇಳ್ತೈತೆ, ಆರಿಸ್ಕೋ."

ಮರುದಿನ ಹಗಲೆಲ್ಲ ಹೊಸದರಲ್ಲಿ ಕೆಲಸ ಸರಾಗ ಓಡಿತು. ಏಳಕ್ಕೆ ಇನ್ನೂ ಸ್ವಲ್ಪ ಇರುವಾಗ ಮಂಗಳಾ ಯಂತ್ರ ಆಫ್ ಮಾಡಿ, ಹಳೇದನ್ನ ಹೊತ್ತಿಸಿಕೊಂಡು ಕೂತಳು. ಗೋಡೆ ಗಡಿಯಾರದಲ್ಲಿ ಏಳಾಯಿತು. ಏಳು ದಾಟಿತು. ಸ್ಪೀಕರು ತುಟಿ ಬಿಚ್ಚಲಿಲ್ಲ. ಹೊಸದು ತಂದಿದ್ದಕ್ಕೆ ಮುನಿಸಿಕೊಂಡನಾ? ಬಸ್ಸಿನ ಹಾರ್ನ್ ಕೇಳಿ, ದಿಕ್ಕು ತೋಚದೆ, ಯಂತ್ರ ಆಫ್ ಮಾಡೋದನ್ನೂ ಮರೆತು ಶಟರ್ ಎಳೆದು ಓಡಿದಳು.

ಬೆಳಿಗ್ಗೆ ಕಾಂಪ್ಲೆಕ್ಸಿನ ರಾತ್ರಿ ಕಾವಲುಗಾರ ಗುಡ್ಡಪ್ಪ ಮನೆಗೂ ಹೋಗದೆ ಅಂಗಡಿ ಮುಂದೆ ನಿಂತಿದ್ದ. "ಅವ್ವಾ, ನಡುರಾತ್ರಿ ಹನ್ನೆರಡೂವರೆಗೆ ಒಳಗಿಂದ ಪ್ರಭಣ್ಣ ಕರೆದ. ನಿನ್ನ ಹೆಸರು ಹಿಡಿದು ಕರೆದ. ಬೀಗ ಹಾಕಿದ್ದು ಹಾಕಿದಂಗೇ ಐತೆ."

ಯಶೋಧಾ ಫೋನಿನಲ್ಲಿ ಬಿದ್ದು ಬಿದ್ದು ನಕ್ಕಳು. "ಲೇ, ಯಂತ್ರದೊಳಗೊಂದು ಗಡಿಯಾರ ಇರ್ತೈತೆ. ಹೊಸದು ಅದನ್ನ ಲಂಡನ್ ಟೈಮಿಗೆ ಇಡ್ತೈತೆ. ಹಳೇದು ಅದನ್ನೇ ನಮ್ಮ ಟೈಮು ಅಂದ್ಕೊಂತೈತೆ. ಐದೂವರೆ ಗಂಟೆ ಹಿಂದೆ ಬೀಳ್ತು ಅಷ್ಟೇ, ಏಳಕ್ಕೆ ಕರೆಯೋನು ಹನ್ನೆರಡೂವರೆಗೆ ಕರೆದ. ಒಂದು ಸಾಲು ಕಳಿಸ್ತೀನಿ, ಹೊಸದರಲ್ಲಿ ಟೈಪ್ ಮಾಡು, ಸರಿಹೋಗ್ತೈತೆ."

ಲೆಕ್ಕ ಸರಿಯಾಗಿತ್ತು. ಮಂಗಳಾ ದಡ್ಡಿಯಲ್ಲ, ಪೂರ್ತಿ ಅರ್ಥ ಆಯಿತು. ಅರ್ಥ ಆದರೆ ಏನು ಬಂತು? ಕತ್ತಲಲ್ಲಿ, ಬೀಗ ಹಾಕಿದ ಅಂಗಡಿಯಲ್ಲಿ, ಅವನೊಬ್ಬನೇ ಕರೆದಿದ್ದ. ಅವಳು ಇರಲಿಲ್ಲ. ಅದೊಂದೇ ಎದೆಯಲ್ಲಿ ಮುಳ್ಳಿನ ಹಾಗೆ ಆಡತೊಡಗಿತು. ಯಶೋಧಾ ಕಳಿಸಿದ ಸಾಲು ಮೊಬೈಲಿನಲ್ಲೇ ಉಳಿಯಿತು. ಮಧ್ಯಾಹ್ನ ಮನೆಗೆ ಫೋನ್ ಮಾಡಿ, "ಅತ್ತೆ, ಕೆಲಸ ಬಾಳ ಐತೆ, ಇವತ್ತು ಅಂಗಡೀಲೇ ಮಲಗ್ತೀನಿ" ಅಂದಳು. ಹನ್ನೆರಡೂವರೆಗೆ ಅಲ್ಲಿರಬೇಕು, ಈ ಸಲ ಓ ಅಂದೇ ಅನ್ನಬೇಕು ಅಂತ ಅವಳು ಗಟ್ಟಿ ಮಾಡಿಕೊಂಡಿದ್ದಳು.

ಉಚ್ಚಂಗಮ್ಮ ಕಿವಿಗೆ ಹೂ ಇಡಿಸಿಕೊಳ್ಳೋ ಹೆಂಗಸಲ್ಲ. ಗುಡ್ಡಪ್ಪನ ಸುದ್ದಿ ಬಸ್ಸಿನ ಜೊತೆಗೇ ಊರಿಗೆ ಬಂದಿತ್ತು. ಅರ್ಧ ಗಂಟೆಯಲ್ಲೇ ಹೊರಟು, ಹೊತ್ತು ಇಳಿಯೋ ಮುಂಚೆ ಅಂಗಡಿಯಲ್ಲಿದ್ದಳು.

"ಅವನು ಏಳಕ್ಕೇ ಕರೆಯೋ ಹಂಗೆ ಮಾಡಾಕಾಗ್ತೈತಾ?"

"ಆಗ್ತೈತೆ ಅತ್ತೆ, ಆದ್ರೆ..."

"ಮಾಡು. ನಾನೂ ಕುಂತ್ಕಂತೀನಿ. ನಿನಗೆ ಗಂಡ ಆಗೋಕೆ ಮುಂಚೆ ನನ್ನ ಹೊಟ್ಟೇಲಿ ಹುಟ್ಟಿದೋನು ಅವನು."

ಮಂಗಳಾ ಹೊಸದರಲ್ಲಿ ಆ ಸಾಲು ಟೈಪ್ ಮಾಡಿ, ಯಂತ್ರ ಆಫ್ ಮಾಡಿ, ಹಳೇದನ್ನ ಹೊತ್ತಿಸಿದಳು. ಗೋಡೆಯದೂ ಪರದೆಯದೂ ಗಂಟೆ ಒಂದೇ ಆಗಿತ್ತು. ಇಬ್ಬರೂ ಕಾಯುತ್ತಾ ಕೂತರು. ಹೊರಗೆ ಬಸ್ಸುಗಳು ಬಂದವು, ಹೋದವು, ಕಂಡಕ್ಟರು ಶಿವಮೊಗ್ಗ ಶಿವಮೊಗ್ಗ ಅಂತ ಕೂಗಿದ.

"ಮಂಗಳಾ, ಸಾಕೇಳೇ. ಬಾಗ್ಲು ಹಾಕು, ಹೋಗಾಣ."

ಮಂಗಳಾ ಬಾಯಿ ತೆರೆದಳು. ಅವಳ ಗಂಟಲಿನಿಂದ ಸದ್ದು ಹೊರಡೋ ಮುಂಚೆಯೇ ಪಕ್ಕದಲ್ಲಿ ಮುದುಕಿ ಎದ್ದು ನಿಂತಿದ್ದಳು.

"ಓ!" ಅಂದಳು ಉಚ್ಚಂಗಮ್ಮ, ಹೊಲದ ಆಚೆ ಬದುವಿನಲ್ಲಿರೋರಿಗೆ ಕೇಳಿಸೋ ಹಾಗೆ. "ಓ, ಬಂದೆ ಕಣಪ್ಪಾ ಪ್ರಭು. ನಾನು ಬರ್ತೀನಿ ತಗಾ. ಓ ಅಂದಿದ್ದೀನಿ, ಇನ್ನು ಅವಳ ಹೆಸರು ಹಿಡಿದು ಕರೀಬ್ಯಾಡ."

ಆಮೇಲೆ ಸೆರಗು ಸರಿ ಮಾಡಿಕೊಂಡು, ಯಾರಾದರೂ ಬಂದು ಕೈ ಹಿಡಿಯಲಿ ಅಂತ ಕಾಯೋರ ಹಾಗೆ ಬಾಗಿಲ ಕಡೆ ನೋಡುತ್ತಾ ನಿಂತಳು.

ಮಂಗಳಾ ಅತ್ತೆಯ ತೋಳು ಹಿಡಿದು ಕೂರಿಸಿದಳು. "ಯಾಕತ್ತೆ ಹಿಂಗ್ ಮಾಡಿದ್ರಿ? ಯಾಕೆ ಅಂದ್ರಿ?"

"ಯಾರಾದ್ರೂ ಒಬ್ರು ಹೋಗ್ಲೇಬೇಕಲ್ಲೇ ಮಗಳೇ. ನಂದಾದ್ರೆ ಉಂಡು ತಿಂದು ಮುಗಿದೈತೆ."

ಅದು ಬರೀ ತುಂಬಿಸಿಟ್ಟ ದನಿ, ಒಂದು ಗಡಿಯಾರ, ಒಂದು ಸಾಲು. ಮಂಗಳಾಗೆ ಎಲ್ಲ ಗೊತ್ತಿತ್ತು. ಆದರೆ ನಾಳೆ ಏಳಕ್ಕೆ ಅದು ಮತ್ತೆ ಕರೀತೈತೆ, ಈ ಮುದುಕಿ ಮತ್ತೆ ಎದ್ದು ನಿಂತು ಓ ಅಂತಾಳೆ. ನಾಡಿದ್ದೂ ಅಂತಾಳೆ. ಒಂದು ದಿನ ನಿಜವಾಗಿಯೂ ಹೋಗ್ತಾಳೆ. ತನ್ನ ಜೀವಕ್ಕಾಗಿ ಮಾಡಲಾಗದ ಕೆಲಸವನ್ನ, ಅಂಗಡಿಗಾಗಿ ಮಾಡಲಾಗದ ಕೆಲಸವನ್ನ, ಈಗ ಮಾಡದೆ ವಿಧಿಯಿರಲಿಲ್ಲ. ಯಶೋಧಾ ಬಿಟ್ಟುಹೋಗಿದ್ದ ಮಿಂಟ್ ಪೆನ್‌ಡ್ರೈವನ್ನ ಡ್ರಾಯರಿನಿಂದ ತೆಗೆದು ಚುಚ್ಚಿದಳು. ಈ ಸಲ ಹಳೇದೂ ಪಕ್ಕದಲ್ಲಿ ಇರಲಿ ಅನ್ನೋ ಆಯ್ಕೆಯನ್ನ ಮುಟ್ಟಲಿಲ್ಲ.

"ಏನೇ ಕೇಳ್ತೈತೆ ಅದು?" ಅಂದಳು ಉಚ್ಚಂಗಮ್ಮ.

"ಎಲ್ಲಾ ಅಳಿಸಿಬಿಡ್ಲಾ, ಖಾತ್ರೀನಾ ಅಂತ ಕೇಳ್ತೈತೆ ಅತ್ತೆ."

ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡು, ಬೇಡ ಅಂತ ತಲೆಯಾಡಿಸಿದಳು. ಆಡಿಸುತ್ತಲೇ ಇದ್ದಳು. ಮಂಗಳಾ ಒಂದು ಕೈಯಲ್ಲಿ ಅವಳ ಕೈ ಹಿಡಕೊಂಡು, ಇನ್ನೊಂದರಲ್ಲಿ ಒತ್ತಿದಳು.