ಕಲ್ಲುಬೆಂಚಿನವರನ್ನು ನಗಿಸಿದ್ದು

ಬೆಳಗಾದರೆ ಸಾಕು, ಊರ ನಡುವಿನ ಆ ದೊಡ್ಡ ಪಾರ್ಕಿನ ಮೂಲೆಮೂಲೆಗೂ ಒಂದೊಂದು ಗುಂಪು. ಕೊಳದ ಸುತ್ತ ಓಡುವವರು, ಹುಲ್ಲಿನ ಮೇಲೆ ಕೈಕಾಲು ಚಾಚುವವರು, ಏನೂ ಮಾಡದೆ ಬರೀ ಹರಟೆ ಕೊಚ್ಚುವವರು. ದೊಡ್ಡ ಮರದ ಕೆಳಗಿನ ಜಾಗ ಮಾತ್ರ ನಗೆಕೂಟದ್ದು. ಅದರ ಮುಖಂಡರು ಡ್ರಿಲ್ ಮೇಷ್ಟ್ರು. ಶಾಲೆಯಿಂದ ನಿವೃತ್ತರಾದರೂ ಕೊರಳಿನ ಸೀಟಿ ಇಳಿದಿರಲಿಲ್ಲ. ಒಮ್ಮೆ ಊದಿದರೆ ಎಲ್ಲರೂ ಕೈ ಮೇಲೆತ್ತಿ ಹೋ ಹೋ ಎಂದು ನಗಬೇಕು, ಇನ್ನೊಮ್ಮೆ ಊದಿದರೆ ನಿಲ್ಲಿಸಬೇಕು. ತಮ್ಮ ಕೈಗೆ ಸಿಕ್ಕಿ ನಗದೆ ಹೋದವರೇ ಇಲ್ಲ ಎಂಬ ಜಂಬ ಬೇರೆ. ಇರಲಿ ಬಿಡಿ, ಜಂಬ ಯಾರಿಗಿಲ್ಲ?

ಅವತ್ತು ಪಕ್ಕದ ಕಲ್ಲುಬೆಂಚಿನ ಮೇಲೆ ಮುದುಕರೊಬ್ಬರು ಕೂತಿದ್ದರು. ಮುದ್ದೆಯಾದ ಶರ್ಟು, ತೊಡೆಯ ಮೇಲೊಂದು ಖಾಲಿ ಫ್ಲಾಸ್ಕು, ನೋಟ ಎತ್ತಲೋ. ಪಾರ್ಕಿನ ಹಿಂದಿನ ಗೇಟು ದಾಟಿದರೆ ದೊಡ್ಡಾಸ್ಪತ್ರೆ. ಅಲ್ಲಿಂದ ಬಂದು ಹೀಗೆ ಕೂರುವವರು ಹೊಸಬರೇನಲ್ಲ. ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು. ಆದರೆ ಸೀಟಿ ಬಾಯಲ್ಲಿರುವಾಗ ಯೋಚನೆ ಎಲ್ಲಿಂದ ಬರಬೇಕು!

“ಏನ್ ಯಜಮಾನ್ರೇ, ಮುಖ ಗಂಟು ಹಾಕ್ಕೊಂಡು ಕೂತಿದೀರಿ? ಬನ್ನಿ ಬನ್ನಿ,” ಎಂದರು ಮೇಷ್ಟ್ರು.

“ಬೇಡಿ ಸಾರ್.”

“ಬೇಡ ಅನ್ನೋ ಮಾತೇ ಇಲ್ಲಿಲ್ಲ!”

“ಇವತ್ತೊಂದು ದಿನ ಬೇಡಿ...”

“ಇವತ್ತೇ ಆಗ್ಬೇಕು!”

ಮೇಷ್ಟ್ರು ರಟ್ಟೆ ಹಿಡಿದು ಎಬ್ಬಿಸಿಯೇ ಬಿಟ್ಟರು. ಗುಂಪು ಚಪ್ಪಾಳೆ ತಟ್ಟಿತು. “ಬಿಡೀಂದ್ರೆ, ಪಾಪ, ಅವರ ಪಾಡಿಗೆ ಅವರು ಕೂತಿದಾರೆ,” ಎಂದ ಮೇಷ್ಟ್ರ ಹೆಂಡತಿಯ ಮಾತು ಯಾರ ಕಿವಿಗೂ ಬೀಳಲಿಲ್ಲ. ಸೀಟಿ ಕೂಗಿತು. ನಡುವೆ ನಿಂತ ಮುದುಕರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಕೈ ಮೇಲೆತ್ತಿದರು, ಭುಜ ಕುಲುಕಿತು, ಹೋ ಹೋ ಎಂಬ ಸದ್ದೂ ಹೊರಟಿತು. ಇಲ್ಲ ಎಂದು ಇನ್ನೊಬ್ಬರ ಮನಸ್ಸು ಮುರಿಯಲಾರದ ಸಂಕೋಚದ ಜೀವ ಅದು.

“ನೋಡಿದ್ರಾ, ಹೆಂಗೆ!” ಎಂದು ಮೇಷ್ಟ್ರು ಬೀಗಿದರು.

ಅಷ್ಟರಲ್ಲಿ ಹಿಂದಿನ ಗೇಟಿನಿಂದ ಹೆಂಗಸೊಬ್ಬಳು ಓಡೋಡಿ ಬಂದಳು. ಅತ್ತು ಅತ್ತು ಕಣ್ಣುಗಳು ಊದಿಕೊಂಡಿದ್ದವು.

“ಅಪ್ಪಾ! ಅಮ್ಮನ ದೇಹ ಕೊಡ್ತಾರಂತೆ, ನಿನ್ನ ಸಹಿ ಬೇಕಂತೆ. ಅಲ್ಲಿ ನಾನೊಬ್ಳೇ ಒದ್ದಾಡ್ತಿದೀನಿ, ನೀನಿಲ್ಲಿ ನಗ್ತಾ ನಿಂತಿದೀಯಾ?”

ಎತ್ತಿದ ಕೈ ಹಾಗೇ ಇಳಿಯಿತು. “ತಪ್ಪಾಯ್ತಮ್ಮ,” ಎಂದರು ಮುದುಕರು. ಯಾರನ್ನೂ ದೂರಲಿಲ್ಲ.

ನಾನೇ ಎಳೆತಂದದ್ದು ಎಂದು ಮೇಷ್ಟ್ರು ಆಗಲೇ ಹೇಳಬೇಕಿತ್ತು. ಅದರ ಬದಲು ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತರು. ಮಗಳು ಮುಂದೆ, ಅಪ್ಪ ಹಿಂದೆ ತಲೆ ತಗ್ಗಿಸಿಕೊಂಡು ಗೇಟು ದಾಟಿದರು.

“ನಿಮ್ಮ ಬಾಯಿಗೇನಾಗಿತ್ರೀ?” ಎಂದಳು ಹೆಂಡತಿ. “ಹೆಂಡ್ತಿ ಸತ್ತ ದಿನ ನಗ್ತಿದ್ದ ಅಂತ ಆ ಮಗಳು ಬದುಕಿರೋತನಕ ಅಂದ್ಕೋಬೇಕಾ? ಹೋಗಿ ಹೇಳ್ರಿ!”

ಮೇಷ್ಟ್ರು ಹೋದರು. ಭೂಮಿ ಬಾಯಿಬಿಟ್ಟರೆ ಒಳಗೆ ಸೇರಿಬಿಡೋಣ ಅನ್ನಿಸುವಷ್ಟು ನಾಚಿಕೆ. ಆಸ್ಪತ್ರೆಯ ವರಾಂಡದಲ್ಲಿ ಮಗಳು ಸಿಕ್ಕಳು.

“ತಾಯೀ, ನಿಮ್ಮಪ್ಪ ತಾವಾಗಿ ನಗಲಿಲ್ಲ. ನಾನೇ ಬಲವಂತ ಮಾಡಿ ನಗಿಸಿದೆ.”

“ಅಪ್ಪ ಬೇಡ ಅನ್ಲಿಲ್ವಾ?”

“ಅಂದ್ರಮ್ಮ. ಎರಡು ಸಲ ಅಂದ್ರು.”

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು. “ನಾನು ಬಾಯಿಗೆ ಬಂದಂಗೆ ಅಂದುಬಿಟ್ಟೆ,” ಎಂದಳು. “ಆಗ್ಲಿಂದ ನನ್ನ ಮುಖಾನೂ ನೋಡ್ತಿಲ್ಲ. ಅವರ ಹತ್ರಾನೂ ಹೇಳಿ, ಹೋಗಿ.”

ಮುದುಕರು ಗೋಡೆಗೊರಗಿ ಕೂತಿದ್ದರು. ಮೇಷ್ಟ್ರು ಹತ್ತಿರ ಹೋಗಿ ಕೈ ಮುಗಿದರು. ಬಗ್ಗಿದಾಗ ಕೊರಳಿನ ಸೀಟಿ ಮುಂದಕ್ಕೆ ಜೋತುಬಿತ್ತು. ತಲೆಯೆತ್ತಿ ನೋಡಿದ ಮುದುಕರು ಗಾಬರಿಬಿದ್ದು ಗೋಡೆ ಹಿಡಿದು ಎದ್ದು ನಿಂತರು. ಒಮ್ಮೆ ಮಗಳ ಕಡೆ ನೋಡಿದರು, ಒಮ್ಮೆ ಮೇಷ್ಟ್ರ ಕಡೆ. ಆಮೇಲೆ, ಪಾಪ, ಮತ್ತೆ ಕರೆಯಲು ಬಂದವರಿಗೆ ಬೇಜಾರಾಗಬಾರದೆಂದು, ನಗಲು ನೋಡಿದರು.