ಒಂದು ರಾತ್ರಿಯ ಮಂದೆ

ಹಾಲು ಕರೆಯುತ್ತಿದ್ದ ಕೆಜಾಯಾ ಕೈ ನಿಲ್ಲಿಸಿದಳು. ದಕ್ಷಿಣದಲ್ಲಿ ದನದ ಮಂದೆಯೊಂದರ ಧೂಳೆದ್ದಿತ್ತು. ಅದರ ಮುಂದೆ ಕುದುರೆಯ ಮೇಲೊಬ್ಬ ಎರಡೂ ಕೈ ಮೇಲೆತ್ತಿಕೊಂಡು ನಿಧಾನವಾಗಿ ಬರುತ್ತಿದ್ದ. ಟೆಕ್ಸಾಸಿನ ದನ ತುಳಿದ ಹುಲ್ಲು ಮೇಯ್ದರೆ ಇಲ್ಲಿಯ ಹಸುಗಳು ಜ್ವರ ಬಂದು ಸಾಯುತ್ತಿದ್ದವು. ಹಾಗಾಗಿ ಕಾನ್ಸಾಸಿನ ರೈತರು ಮಾರಾಟಕ್ಕೆಂದು ಉತ್ತರಕ್ಕೆ ಹೊಡೆದುಕೊಂಡು ಬರುವ ಆ ಮಂದೆಗಳನ್ನು ಬಂದೂಕು ಹಿಡಿದೇ ಮಾತಾಡಿಸುತ್ತಿದ್ದರು.

"ಗುಂಡು ಹಾರಿಸ್ಬೇಡಿ ಅಮ್ಮಾವ್ರೆ. ನಾನು ಸ್ಟ್ರೋಥರ್, ಈ ಮಂದೆಯ ಮೇಸ್ತ್ರಿ. ನಿಮ್ಮ ಗಡಿ ತೋರಿಸಿ, ಬಳಸ್ಕೊಂಡು ಹೋಗ್ತೀವಿ."

"ಬಳಸೋದ್ಯಾಕೆ? ರಾತ್ರಿ ಇಲ್ಲೇ ಮಲಗಿಸಿ."

ಅವನ ಕೈಗಳು ಕೆಳಗಿಳಿದವು. "ಬಿಸಿಲೇನಾದ್ರೂ ತಲೆಗೆ ಹತ್ತಿದೆಯಾ? ನಿನ್ನೆಯಿಂದ ಹೋದಲ್ಲೆಲ್ಲ ಅಟ್ಟಿದಾರೆ ನಮ್ಮನ್ನ."

"ಅವರಿಗೆ ಹೊಳೆ ದಂಡೇಲಿ ಮರ ಇದೆ. ನನಗೇನಿದೆ, ನೋಡಿ."

ಅವನು ನೋಡಿದ. ಹುಲ್ಲುಬೇರಿನ ಮಣ್ಣುಹೆಂಟೆ ಪೇರಿಸಿ ಕಟ್ಟಿದ ಮನೆ. ಅದರಾಚೆ ಕಣ್ಣು ಹಾಯುವವರೆಗೂ ಬರೀ ಹುಲ್ಲು. ಒಂದು ಮರವಿಲ್ಲ.

"ನನಗೆ ಬೇಕಿರೋದು ಸಗಣಿ. ನಿಮ್ಮ ದನ ಒಂದು ರಾತ್ರಿ ಮಲಗಿದ್ರೆ ಚಳಿಗಾಲ ಪೂರ್ತಿ ನನ್ನ ಒಲೆ ಉರಿಯುತ್ತೆ."

ಸ್ಟ್ರೋಥರ್ ಗಹಗಹಿಸಿ ನಕ್ಕ. "ಆ ವಿಷಯದಲ್ಲಿ ನಮ್ಮ ದನ ಭಾರೀ ಧಾರಾಳ ಅಮ್ಮಾವ್ರೆ! ಆದ್ರೆ ಈ ಹಸು?"

"ಇವಳು ಈಗಲೇ ಹೊಳೆ ದಾಟಿ ನೆರೆಯ ಓಬರ್ಗ್ ಅವರ ಕೊಟ್ಟಿಗೆಗೆ ಹೋಗ್ತಾಳೆ. ಹಿಮ ಬಿದ್ದು ಹುಲ್ಲಲ್ಲಿರೋ ರೋಗ ಸತ್ತ ಮೇಲೇ ವಾಪಸ್. ಅಲ್ಲೀವರೆಗೆ ನಮಗೆ ಹಾಲಿಲ್ಲ, ಅಷ್ಟೇ. ನೀವು ಮಾತ್ರ ಉತ್ತರದ ಗಡಿಗೆ ಎಳೆದಿರೋ ನೇಗಿಲಸಾಲು ದಾಟಬಾರದು, ಆಚೆ ಬೇರೆಯವರ ಹಸು ಮೇಯ್ತವೆ. ಬೆಳಗ್ಗೆ ಪಡುವಣಕ್ಕೆ ತಿರುಗಿಸ್ಕೊಂಡು ಹೋಗಿ. ಮತ್ತೆ, ಮನೆ ಹತ್ತಿರಾನೇ ಮಲಗಿಸಿ. ದೂರದಿಂದ ಹೊರೋಕೆ ನನಗೆ ಸೊಂಟ ಇಲ್ಲ."

"ಅಪ್ಪಣೆ!" ಎಂದು ಅವನು ಟೋಪಿ ಎತ್ತಿದ.

ಏಳು ವರ್ಷದ ಡೆಲ್ಫಿ ಹಾಲಿನ ಬಕೆಟ್ಟು ಹಿಡಿದು ತಾಯಿಯನ್ನೇ ನೋಡುತ್ತಿದ್ದಳು. ಹೋದ ವರ್ಷ ಇದೇ ಜಾಗಕ್ಕೆ ಇನ್ನೊಂದು ಮಂದೆ ಬಂದಾಗ ಕೆಜಾಯಾಳೂ ಬಂದೂಕು ಹಿಡಿದು ಅಟ್ಟಿದ್ದಳು. ಹಸು ಉಳಿಯಿತು. ಆ ಚಳಿಗಾಲದಲ್ಲಿ ಒಣಹುಲ್ಲು ಹೊಸೆದು ಉರಿಸಿದರು, ಅದು ಮುಗಿದ ಮೇಲೆ ಮಂಚ ಮುರಿದು ಉರಿಸಿದರು. ಒಲೆ ಆರಿದ ಒಂದು ರಾತ್ರಿ, ಕೂಸು ಆಮೋಸ್ ತಾಯಿಯ ಮಗ್ಗುಲಲ್ಲೇ ತಣ್ಣಗಾಗಿದ್ದ. ಅಂದಿನಿಂದ ಡೆಲ್ಫಿ ಎಷ್ಟೋ ಸಲ ಏನನ್ನೋ ಕೇಳಲು ಬಾಯಿ ತೆರೆದು ಸುಮ್ಮನಾಗುತ್ತಿದ್ದಳು. ಕೆಜಾಯಾ ಒತ್ತಾಯಿಸುತ್ತಿರಲಿಲ್ಲ.

ಸಂಜೆ ದನಗಳು ಹೊಟ್ಟೆತುಂಬ ನೀರು ಕುಡಿದು ಬಂದು ಮನೆಯ ಮುಂದೆ ಮಲಗಿದವು. ಬೆಳಗ್ಗೆ ಅವು ಪಡುವಣಕ್ಕೆ ಹೊರಟಾಗ ನೆಲವೇ ಬಣ್ಣ ಬದಲಿಸಿತ್ತು.

ಬಿಸಿಲು ಜೋರಿತ್ತು. ಎರಡು ವಾರದಲ್ಲಿ ಸಗಣಿ ಒಣಗಿ ಹಗುರಾಯಿತು. ರೈಲು ಹಾದಿಯ ಕೆಲಸಕ್ಕೆ ಹೋಗಿದ್ದ ಗಂಡ ಬರುವುದರೊಳಗೆ ಮುಗಿಸಬೇಕೆಂದು ಕೆಜಾಯಾ ಸೆರಗಿನಂತೆ ಮಡಚಿದ ಏಪ್ರನ್ನಿನಲ್ಲಿ ತುಂಬಿ ತುಂಬಿ ತಂದಳು. ಡೆಲ್ಫಿ ಗೋಡೆಗೊತ್ತಿ ಒಪ್ಪವಾಗಿ ಜೋಡಿಸಿದಳು. ರಾಶಿ ಕಿಟಕಿ ಮುಟ್ಟಿತು, ಕಿಟಕಿ ದಾಟಿ ಸೂರು ಮುಟ್ಟಿತು.

"ಈ ಸಲ ಒಲೆ ಆರಲ್ಲ ಕಣೇ," ಎಂದಳು ಕೆಜಾಯಾ, ಕೈ ಕೊಡವುತ್ತ.

ಡೆಲ್ಫಿ ಕೈಯಲ್ಲಿದ್ದುದನ್ನು ಇಡದೆ ಹಾಗೇ ನಿಂತಳು. ರಾಶಿಯನ್ನು ಕೆಳಗಿನಿಂದ ಮೇಲಿನವರೆಗೂ ನೋಡಿದಳು.

"ಅಮ್ಮಾ, ಹೋದ ವರ್ಷಾನೂ ನೀನು ಅವರನ್ನ ಮಲಗಿಸಿ ಅಂದಿದ್ರೆ, ಆಮೋಸ್ ಇರ್ತಿದ್ನಾ?"