ಲೆಫ್ಟಿನೆಂಟ್ ಚೀಟಿ

ಆ ನಿಘಂಟಿನ ಕಚೇರಿಯಲ್ಲಿ ಒಂದು ಕಟ್ಟುನಿಟ್ಟಿತ್ತು: ಮೇಷ್ಟ್ರು ಕೆಂಪು ಪೆನ್ಸಿಲ್ಲಿನಲ್ಲಿ ಗುರುತು ಹಾಕದೆ ಯಾವ ಪದದ ಚೀಟಿಯೂ ಅಚ್ಚಿಗೆ ಹೋಗುವಂತಿಲ್ಲ. ಹತ್ತೊಂಬತ್ತು ವರ್ಷಗಳಿಂದ ಆ ಚೀಟಿಗಳನ್ನು ಬರೆಯುತ್ತ ಬಂದವಳು ಅವರ ಸಹಾಯಕಿ. ಎಲ್ಲರ ಬಾಯಲ್ಲೂ ಚೀಟಿಯಕ್ಕ. ಮೇಷ್ಟ್ರ ಕುರ್ಚಿಯ ಪಕ್ಕದ ಸ್ಟೂಲೇ ಅವಳ ಸಿಂಹಾಸನ. ಮೇಷ್ಟ್ರು ಕಣ್ಣಿನ ಆಪರೇಷನ್ನಿಗೆಂದು ಹೋಗಿ ಎರಡು ತಿಂಗಳಾಗಿತ್ತು. ಅವಳು ಆ ಕುರ್ಚಿಯನ್ನು ದಿನಾ ಒರೆಸಿದಳೇ ಹೊರತು ಅದರ ಮೇಲೆ ಒಂದು ಕಾಗದವನ್ನೂ ಇಟ್ಟವಳಲ್ಲ.

ಇಂದು ಅಚ್ಚಿನವನು ಪಟ್ಟು ಹಿಡಿದ. "ಸಂಜೆಯೊಳಗೆ 'ಲ' ಮುಗಿಸಿ ಕೊಡಿ ಅಕ್ಕ. ಇಲ್ಲಾಂದ್ರೆ ಬೇರೆ ಪುಸ್ತಕ ಕೈಗೆ ತಗೋತೀನಿ."

ಮೇಷ್ಟ್ರು ಹೋಗುವ ಮೊದಲು ಗುರುತು ಬೀಳದೆ ಉಳಿದದ್ದು ಒಂದೇ ಚೀಟಿ. ಅದನ್ನು ಹಿಡಿದು ಅವಳು ಒಂದೇ ಉಸಿರಿಗೆ ಮೇಷ್ಟ್ರ ಮನೆಗೆ ಓಡಿದಳು. ಅವರು ಕಿಟಕಿಯ ಬಳಿ ಕುಳಿತಿದ್ದರು.

"ಓದು."

"ಲೆಫ್ಟಿನೆಂಟ್. ಫ್ರೆಂಚ್ ಮೂಲ. ಲ್ಯೂ ಎಂದರೆ ಜಾಗ, ತೆನಾಂ ಎಂದರೆ ಹಿಡಿದಿರುವವನು. ಮೇಲಿನವನು ಮರಳಿ ಬರುವವರೆಗೆ ಅವನ ಜಾಗದಲ್ಲಿ ಕೆಲಸ ನಡೆಸುವವನು. ಈಗ, ಸೇನೆಯ ಒಂದು ಹುದ್ದೆ."

"'ಮರಳಿ ಬರುವವರೆಗೆ' ಎಲ್ಲಿಂದ ಬಂತು? ಮೂಲದಲ್ಲಿ ಇದ್ಯಾ?"

ಇರಲಿಲ್ಲ. ಇಷ್ಟು ವರ್ಷದಲ್ಲಿ ಅವಳು ಸ್ವಂತದ್ದೊಂದು ಮಾತು ಸೇರಿಸಿದ್ದು ಇದೇ ಮೊದಲು.

"ಇರ್ಲಿ ಬಿಡಿ ಮೇಷ್ಟ್ರೇ."

"ಹುಚ್ಚಮ್ಮ! ಇಲ್ಲಿ ತಾ." ಆ ಮಾತನ್ನು ಹೊಡೆದುಹಾಕಲು ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದು ಗೆರೆ ಎಳೆದರು. ಗೆರೆ ಆ ಮಾತಿನ ಮೇಲೆ ಬೀಳಲಿಲ್ಲ. ಎರಡು ಬೆರಳು ಕೆಳಗೆ, ಖಾಲಿ ಜಾಗದಲ್ಲಿ ಬಿತ್ತು.

"ಸರಿಯಾಗಿ ಬಿತ್ತಾ?"

"ಬಿತ್ತು," ಎಂದು ಅವಳು ಚೀಟಿಯನ್ನು ಅವರ ಕೈಯಿಂದ ಸರಕ್ಕನೆ ಎಳೆದುಕೊಂಡಳು.

ಮೇಷ್ಟ್ರು ನಕ್ಕರು. "ನಿಂಗೆ ಎಲ್ಲಾ ಕಲಿಸ್ದೆ, ಸುಳ್ಳು ಹೇಳೋದೊಂದು ಕಲಿಸ್ಲಿಲ್ಲ ನೋಡು. ಕಣ್ಣು ಇನ್ನು ಇಷ್ಟೇ ಅಂತ ಡಾಕ್ಟ್ರು ಮೊನ್ನೇನೇ ಹೇಳಿದ್ರು." ಪೆನ್ಸಿಲ್ಲನ್ನು ಅವಳ ಅಂಗೈಗಿಟ್ಟು ಬೆರಳು ಮಡಿಸಿದರು. "ಹೋಗು, ಅಚ್ಚಿನವನು ಕಾಯ್ತಿರ್ತಾನೆ."

ದಾರಿಯುದ್ದಕ್ಕೂ ಅತ್ತಳು. ಕಚೇರಿಗೆ ಬಂದು, ಮುಖ ತೊಳೆದು, ಕುರ್ಚಿಯಲ್ಲಿ ಕುಳಿತಳು. ಕಾಲು ನೆಲಕ್ಕೆ ಎಟುಕಲಿಲ್ಲ. ತನ್ನ ಸ್ಟೂಲನ್ನೇ ಕಾಲ ಕೆಳಗೆ ಎಳೆದುಕೊಂಡಳು. ತಾನು ಸೇರಿಸಿದ ಮಾತನ್ನು ತಾನೇ ಹೊಡೆದುಹಾಕಿ ಗುರುತು ಹಾಕಿದಳು.

ಅಚ್ಚಿನವನು ಚೀಟಿ ತಿರುಗಿಸಿ ನೋಡಿದ. "ಅಕ್ಕ, ಕೆಳಗಡೆ ಈ ಗೆರೆ? ಅಳಿಸ್ಲಾ?"

"ಮುಟ್ಟಬೇಡ," ಎಂದಳು. "ಅಚ್ಚಾದ್ಮೇಲೆ ಆ ಚೀಟಿ ನಂಗೆ ವಾಪಸ್ ಬೇಕು."